ಗಂಟು ಕಟ್ಟಿಸಿದವರು ಯಾರು? ಎಲೆಗಂಟಿನ ಪುಟಾಣಿ ಕಣಜಗಳ ಪತ್ತೆಗೆ ಒಂದು ಕೈಪಿಡಿ

ನಾಲ್ಕು ವರ್ಷದ ಹಿಂದೆ ಶಿರಸಿಯ ನಮ್ಮ ಮನೆಯ ಹಿತ್ತಲಿನ ಮಾವಿನ ಸಸಿಯ ಎಲೆಗಳ ಮೇಲೆ ಸಾಸಿವೆ ಕಾಳಿನಂಥ ಗಂಟುಗಳು ಎದ್ದವು. ಏನೆಂದು ನೋಡುವ ಕುತೂಹಲಕ್ಕೆ ಏಳೆಂಟು ಎಲೆ ಕಿತ್ತು ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಬಾಯಿಗೆ ಪಂಚೆಯ ತುಂಡು ಕಟ್ಟಿಟ್ಟೆ. ಐದನೆಯ ದಿನ ಬಾಟಲಿಯ ಗೋಡೆಯ ಮೇಲೆ ಹಸಿರು ಮಿಂಚಿನ ಕಣಜಗಳು ಓಡಾಡುತ್ತಿದ್ದವು, ಒಂದೊಂದೂ ರವೆಯ ಕಾಳಿಗಿಂತ ದೊಡ್ಡದಿರಲಿಲ್ಲ. ಅಪರಾಧಿ ಸಿಕ್ಕಿಬಿದ್ದ ಎಂದುಕೊಂಡು ಅಂದೇ ಸಂಜೆ ಔಷಧ ಹೊಡೆದೆ. ಮುಂದಿನ ಚಿಗುರಿಗೆ ಗಂಟು ಮೊದಲಿಗಿಂತ ಜಾಸ್ತಿ ಬಂತು.

ಆಮೇಲೆ ತಿಳಿದದ್ದು ಇಷ್ಟು. ಮಾವಿನ ಎಲೆಯಲ್ಲಿ ಆ ಬಗೆಯ ಗಂಟು ಎಬ್ಬಿಸುವುದು ಪ್ರೊಕಾಂಟರೀನಿಯ ಎಂಬ ಕುಲದ ಸಣ್ಣ ನೊಣ. ನನ್ನ ಬಾಟಲಿಯಲ್ಲಿ ಬಂದ ಹಸಿರು ಕಣಜಗಳು ಆ ನೊಣದ ಮರಿಯನ್ನೇ ತಿಂದು ಬೆಳೆದವು. ಕಾವಲಿನವನನ್ನು ಹೊಡೆದು ಕಳ್ಳನಿಗೆ ಬಾಗಿಲು ತೆಗೆದಿದ್ದೆ.

ಗಂಟಿನಿಂದ ಹೊರಬಂದವರೆಲ್ಲ ಗಂಟು ಕಟ್ಟಿಸಿದವರಲ್ಲ. ಈ ಒಂದು ಮಾತು ಮರೆತರೆ ಮುಂದಿನ ಪತ್ತೆಯೆಲ್ಲ ದಾರಿ ತಪ್ಪುತ್ತದೆ. ‘ಕಟ್ಟಿದವರು’ ಎನ್ನದೆ ‘ಕಟ್ಟಿಸಿದವರು’ ಎಂದದ್ದಕ್ಕೆ ಕಾರಣವಿದೆ. ಗಂಟನ್ನು ಕಟ್ಟುವುದು ಗಿಡ, ತನ್ನದೇ ಜೀವಕೋಶಗಳಿಂದ. ಮೊಟ್ಟೆ ಇಡುವಾಗ ತಾಯಿ ಸೇರಿಸುವ ದ್ರವ ಮತ್ತು ಮರಿಯ ಜೊಲ್ಲು ಗಿಡದ ಬೆಳವಣಿಗೆಯನ್ನು ತಮಗೆ ಬೇಕಾದ ಕಡೆಗೆ ತಿರುಗಿಸುತ್ತವೆ. ಬೆಳೆಯುತ್ತಿರುವ ಅಂಗಾಂಶ ಮಾತ್ರ ಹೀಗೆ ಮಾತು ಕೇಳುತ್ತದೆ. ಬಲಿತ ಎಲೆಯಲ್ಲಿ ಇಂದು ಕಾಣುವ ಗಂಟು ಅದು ಚಿಗುರಾಗಿದ್ದಾಗ ಶುರುವಾದದ್ದು, ಬಲಿತ ಮೇಲೆ ಅಲ್ಲಿ ಹೊಸದು ಏಳುವುದಿಲ್ಲ.

ಮೊದಲು ಬ್ಲೇಡು, ಆಮೇಲೆ ಬಾಟಲಿ

ಬೇಕಾಗುವ ಸಾಮಾನು ಹೆಚ್ಚಿಲ್ಲ: ಹೊಸ ಶೇವಿಂಗ್ ಬ್ಲೇಡು, ಹೊಲಿಗೆ ಸೂಜಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಭೂತಗನ್ನಡಿ, ಒಂದು ಬಿಳಿ ತಟ್ಟೆ. ಗಂಟನ್ನು ನಡುವಿನಿಂದ ಕತ್ತರಿಸಬೇಡಿ, ಒಳಗಿನ ಹುಳ ಎರಡು ತುಂಡಾಗುತ್ತದೆ. ಸುತ್ತಲೂ ಅರ್ಧ ಆಳಕ್ಕೆ ಗೀರಿ, ಅತ್ತಿ ಕಾಯಿ ಬಿಡಿಸುವಂತೆ ಎರಡು ಕೈಯಿಂದ ತಿರುಚಿ ಬಿಡಿಸಿ.

ಒಳಗೆ ಪ್ರತ್ಯೇಕ ಕೋಣೆಯೇ ಇಲ್ಲದೆ, ಬುಡದಲ್ಲಿ ಕೂದಲು ತುಂಬಿದ ಬಾಯಿಯಿರುವ ಚೀಲದಂತೆ ಕಂಡರೆ ಅದು ನುಸಿಯ ಕೆಲಸ. ಹೊಂಗೆ ಎಲೆಯ ಮೇಲೆ ಪುಟ್ಟ ಬೆರಳುಗಳಂತೆ ಎದ್ದು ನಿಲ್ಲುವ ಗಂಟುಗಳು ಇದೇ ಜಾತಿ, ಅಸೇರಿಯ ಪೊಂಗಾಮಿಯೆ ಎಂಬ ನುಸಿಯವು. ಭಟ್ಕಳದ ಮಲ್ಲಿಗೆ ಗಿಡದ ಎಲೆ ಮೊಗ್ಗುಗಳಿಗೆ ಬಿಳಿ ಉಣ್ಣೆ ಹಚ್ಚಿದಂತೆ ಮಾಡುವುದೂ ಇದರ ಬಂಧುವೇ. ಈ ನುಸಿಗಳಿಗೆ ನಾಲ್ಕೇ ಕಾಲು, ಮೈ ಕ್ಯಾರೆಟ್ಟಿನ ಆಕಾರ, ಹತ್ತು ಪಟ್ಟಿನ ಕನ್ನಡಿಗೂ ಅವು ಧೂಳಿನ ಗೆರೆಯಷ್ಟೇ ಕಾಣುತ್ತವೆ. ಕಣಜದ ಪ್ರಶ್ನೆ ಇಲ್ಲಿಗೆ ಮುಗಿಯಿತು.

ಚಪ್ಪಟೆ ಮೈ, ಕೆಂಪು ಕಣ್ಣು, ಹಿಂಬದಿಗೆ ಬಿಳಿ ಮೇಣದ ಎಳೆ ಇದ್ದರೆ ಅದು ಸಿಲ್ಲಿಡ್ ಎಂಬ ರಸ ಹೀರುವ ಕೀಟದ ಮರಿ. ಮತ್ತಿ, ನೇರಳೆ ಮತ್ತು ಹಾಲೆ ಮರಗಳ ಎಲೆಗಂಟುಗಳಲ್ಲಿ ಹೆಚ್ಚಾಗಿ ಸಿಗುವುದು ಇವೇ. ಕಾಳುಮೆಣಸಿನ ಎಲೆಯ ಅಂಚು ಸುರುಳಿ ಸುತ್ತಿ ದಪ್ಪವಾಗಿದ್ದರೆ ಬಿಡಿಸಿ ನೋಡಿ, ಲಿಯೋಥ್ರಿಪ್ಸ್ ಕಾರ್ನಿ ಎಂಬ ಕಪ್ಪು ಥ್ರಿಪ್ಸ್ ಸಂಸಾರ ಸಮೇತ ಓಡುತ್ತದೆ. ಕೋಣೆಯಲ್ಲಿ ಹಿಕ್ಕೆ ತುಂಬಿ, ತಲೆ ಕಾಲು ಎಲ್ಲ ಇರುವ ಹುಳ ಸಿಕ್ಕರೆ ಅದು ಚಿಟ್ಟೆ ಬಳಗದ ಹುಳ. ನೆಲ್ಲಿಯ ಟೊಂಗೆ ಊದಿಕೊಳ್ಳುವುದು ಹೀಗೆ.

ಉಳಿದದ್ದು ಎರಡು, ನೊಣ ಮತ್ತು ಕಣಜ. ಎರಡರ ಮರಿಗೂ ಕಾಲಿಲ್ಲ, ಗೊಂದಲ ಹುಟ್ಟುವುದು ಇಲ್ಲಿಯೇ. ಗಂಟು ನೊಣದ ಮರಿ ಸಾಮಾನ್ಯವಾಗಿ ಕಿತ್ತಳೆ ಅಥವಾ ಹಳದಿ. ಬೆಳೆದ ಮರಿಯನ್ನು ಮಗುಚಿ ನೋಡಿದರೆ ಬಹಳಷ್ಟು ಜಾತಿಗಳಲ್ಲಿ ಎದೆಯ ಕೆಳಗೆ ಕವೆಗೋಲಿನಂಥ ಕಂದು ಗುರುತು ಇರುತ್ತದೆ. ಕಣಜದ ಮರಿ ಹಾಲು ಬಿಳುಪು, ದುಂಡು, ಎರಡೂ ತುದಿ ಸ್ವಲ್ಪ ಬಾಗಿದ್ದು. ಅದರ ಕೋಣೆ ತೊಳೆದಿಟ್ಟಂತೆ ಸ್ವಚ್ಛ. ಕಣಜದ ಮರಿಯ ಹೊಟ್ಟೆಗೂ ಹಿಂಗರುಳಿಗೂ ನಡುವೆ ದಾರಿಯೇ ತೆರೆದಿರುವುದಿಲ್ಲ. ತಿಂದದ್ದರ ಕಸವನ್ನೆಲ್ಲ ಒಳಗೇ ಹಿಡಿದಿಟ್ಟುಕೊಂಡು, ಕೋಶಾವಸ್ಥೆಗೆ ಹೋಗುವ ಮುನ್ನ ಒಮ್ಮೆಲೇ ಕಪ್ಪು ಗುಳಿಗೆಯಾಗಿ ಹೊರಹಾಕುತ್ತದೆ. ತಾನಿರುವ ಮನೆಯನ್ನೇ ತಿನ್ನುವವನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೇನಿದೆ.

ಬಿಳಿ ಮರಿ ಸಿಕ್ಕಿತೆಂದು ಅವಸರಪಡಬೇಡಿ. ಕೋಣೆಯ ಗೋಡೆ ನೋಡಿ. ಹಸಿಯಾಗಿ, ರಸ ತುಂಬಿ, ಮರಿಗೆ ಅಂಟಿಕೊಂಡಂತಿದ್ದರೆ ಅದು ಗಿಡವನ್ನು ತಿನ್ನುತ್ತಿದೆ. ಗೋಡೆ ಒಣಗಿ, ಮೂಲೆಯಲ್ಲಿ ಇನ್ನೊಂದು ಹುಳದ ಸುಕ್ಕಿದ ಚರ್ಮ ಬಿದ್ದಿದ್ದರೆ, ಅಥವಾ ಒಂದು ಮರಿ ಇನ್ನೊಂದರ ಮೈಗೆ ಬಾಯಿ ಹಚ್ಚಿ ಮಲಗಿದ್ದರೆ, ನೀವು ನೋಡುತ್ತಿರುವುದು ಗಂಟಿನ ಯಜಮಾನನನ್ನಲ್ಲ, ಅವನನ್ನು ತಿನ್ನುವ ಪರಾವಲಂಬಿಯನ್ನು. ಮೂರನೆಯ ಬಗೆಯವರೂ ಇದ್ದಾರೆ. ಸ್ವಂತ ಗಂಟು ಕಟ್ಟಿಸಲು ಬಾರದೆ ಇನ್ನೊಬ್ಬರ ಗಂಟಿನೊಳಗೆ ಸೇರಿ ಅದರ ತಿರುಳು ತಿಂದು ಬದುಕುವ ಬಾಡಿಗೆ ಕೊಡದ ಬಾಡಿಗೆದಾರರು ಅವರು.

ಕಣಜದ ಗಂಟು ಹೇಗಿರುತ್ತದೆಂದು ನೋಡಿ ಕಲಿಯಲು ಕಾಡಿಗೇ ಹೋಗಬೇಕೆಂದಿಲ್ಲ. ಬಾಣಂತಿ ಮದ್ದಿನ ಡಬ್ಬಿಯಲ್ಲಿ ಬಜೆಯ ಜೊತೆ ಮಾಯಿಫಲ ಇರುತ್ತದೆ, ಮಾಚಿಕಾಯಿ ಎಂದೂ ಕರೆಯುತ್ತಾರೆ. ಹೆಸರಿನಲ್ಲಿ ಫಲ, ಕಾಯಿ ಎಂದಿದ್ದರೂ ಅದು ಎರಡೂ ಅಲ್ಲ. ತುರ್ಕಿ, ಸಿರಿಯ ಕಡೆಯ ಓಕ್ ಮರದ ಟೊಂಗೆಯಲ್ಲಿ ಸೈನಿಪಿಡೆ ಕುಟುಂಬದ ಕಣಜವೊಂದು ಕಟ್ಟಿಸಿದ ಗಂಟು. ನನ್ನ ಅಜ್ಜಿ ಅದನ್ನು ಕೊಳ್ಳುವಾಗ ಒಂದೊಂದನ್ನೂ ಬೆರಳಲ್ಲಿ ಹೊರಳಿಸಿ, ತೂತಿದ್ದದ್ದನ್ನು ಅಂಗಡಿಯವನಿಗೇ ಹಿಂದೆ ತಳ್ಳುತ್ತಿದ್ದಳು. ಆ ತೂತು ಕಣಜ ಹೊರಟುಹೋದ ಬಾಗಿಲು. ತೂತಿಲ್ಲದ, ಕಪ್ಪು ನೀಲಿಯ ಭಾರವಾದ ಗಂಟಿನಲ್ಲಿ ಒಗರು ಹೆಚ್ಚು. ಇಂಥ ಒಂದನ್ನು ಸುತ್ತಿಗೆಯಿಂದ ಒಡೆದರೆ ನಟ್ಟನಡುವೆ ಒಂದೇ ಒಂದು ಕೋಣೆ, ಅದರೊಳಗೆ ಒಣಗಿದ ಕಣಜ ಅಥವಾ ಅದರ ಮರಿ ಕಾಣುತ್ತದೆ. ಪಾಠಕ್ಕೆ ಒಂದು ಮಾಯಿಫಲ ಹಾಳಾದರೆ ನಷ್ಟವಿಲ್ಲ. ಓಕ್ ನಮ್ಮ ಘಟ್ಟದಲ್ಲಿ ಬೆಳೆಯುವ ಮರವಲ್ಲ, ಹಾಗಾಗಿ ಇಲ್ಲಿಯ ಎಲೆಗಂಟುಗಳಲ್ಲಿ ಸೈನಿಪಿಡೆಯನ್ನು ಹುಡುಕುತ್ತ ಕೂರಬೇಕಾಗಿಲ್ಲ. ನಮ್ಮಲ್ಲಿ ಸಿಗುವ ಗಂಟುಕಣಜಗಳು ಬಹುಪಾಲು ಕ್ಯಾಲ್ಸಿಡ್ ಎಂಬ ದೊಡ್ಡ ಬಳಗಕ್ಕೆ ಸೇರಿದವು.

ಬಾಟಲಿಯ ತೊಂದರೆಗಳು

ಮರಿಯಿಂದ ಜಾತಿ ಹೇಳುವುದು ಕಷ್ಟ, ಬೆಳೆದ ಕಣಜ ಹೊರಬರಲೇಬೇಕು. ಘಟ್ಟದ ಮೇಲಿನ ಮಳೆಗಾಲದಲ್ಲಿ ಅದನ್ನು ಬಾಟಲಿಯಲ್ಲಿ ಕಾಯುವುದು ದೊಡ್ಡ ತಲೆನೋವು. ಜುಲೈಯಲ್ಲಿ ನಾನಿಟ್ಟ ಮೊದಲ ಮೂರು ಬಾಟಲಿಗಳಿಗೂ ನಾಲ್ಕೇ ದಿನದಲ್ಲಿ ಬೂಸ್ಟು ಹಿಡಿಯಿತು. ನಾಲ್ಕನೆಯದನ್ನು ಜಾಣತನ ಮಾಡಿ ಅಡಿಕೆ ಒಣಗಿಸುವ ಅಟ್ಟದ ಮೇಲೆ, ಒಲೆಯ ಶಾಖ ತಾಗುವಲ್ಲಿ ಇಟ್ಟೆ. ಬೂಸ್ಟು ಬರಲಿಲ್ಲ, ಗಂಟು ಒಣಗಿ ಕಲ್ಲಾಯಿತು, ಒಳಗಿದ್ದವರು ಹೊರಬರಲಾಗದೆ ಅಲ್ಲೇ ಸತ್ತರು.

ಈಗ ಮಾಡುವುದು ಹೀಗೆ. ಎಲೆಯನ್ನು ಇಡಿಯಾಗಿ ಹಾಕುವುದಿಲ್ಲ, ಗಂಟಿನ ಸುತ್ತ ಒಂದು ಬೆರಳು ಬಿಟ್ಟು ಕತ್ತರಿಸುತ್ತೇನೆ. ಬೂಸ್ಟು ಹಿಡಿಯುವುದು ಮೊದಲು ಬಾಡಿದ ಎಲೆಗೆ. ಕತ್ತರಿಸಿದ್ದನ್ನು ನೆರಳಲ್ಲಿ ಒಂದು ಗಂಟೆ ಆರಲು ಬಿಟ್ಟು, ಬಾಟಲಿಯ ತಳಕ್ಕೆ ಪತ್ರಿಕೆಯ ಕಾಗದ ಮಡಚಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಗಾಳಿ ಓಡಾಡುವ ಜಗುಲಿಯಲ್ಲಿ ಇಡುತ್ತೇನೆ. ಕಾಗದ ತೇವವಾದರೆ ಬದಲಿಸುತ್ತೇನೆ. ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ, ಒದ್ದೆ ಹತ್ತಿಯ ಉಂಡೆಯೊಂದನ್ನು ಮೂಲೆಯಲ್ಲಿ ಇಡಬೇಕಾಗುತ್ತದೆ. ಗಂಟು ಬಲಿತ ಮೇಲೆಯೇ ಕೀಳಬೇಕು. ಎಳೆಯದನ್ನು ಕಿತ್ತರೆ ಒಳಗಿನ ಮರಿಗೆ ಊಟ ನಿಲ್ಲುತ್ತದೆ.

ಒಂದು ಬಾಟಲಿಗೆ ಒಂದೇ ಗಿಡದ ಒಂದೇ ಬಗೆಯ ಗಂಟು. ಸಾಧ್ಯವಾದರೆ ಒಂದೇ ಗಂಟು. ಔಷಧದ ಅಂಗಡಿಯ ಸಣ್ಣ ಸೀಸೆಗಳು ಇದಕ್ಕೆ ಸಾಕು. ನಾನು ಮೊದಲ ಸಲ ತಪ್ಪಿದ್ದೇ ಇಲ್ಲಿ. ಹತ್ತು ಗಂಟು ಒಟ್ಟಿಗೆ ಹಾಕಿ, ಎರಡು ಬಗೆಯ ಕೀಟ ಬಂದಾಗ ಯಾರು ಎಲ್ಲಿಂದ ಬಂದರೆಂದು ಹೇಳಲು ದಾರಿಯೇ ಇರುವುದಿಲ್ಲ.

ತೂತನ್ನೂ ಓದಬಹುದು. ಕೋಶಾವಸ್ಥೆಯ ಗಂಟು ನೊಣ ತಾನೇ ಅರ್ಧ ಹೊರಗೆ ತೂರಿ ಬರುತ್ತದೆ, ನೊಣ ಹಾರಿದ ಮೇಲೆ ಅದರ ತೆಳು ಸಿಪ್ಪೆ ತೂತಿನ ಬಾಯಲ್ಲಿ ಸಿಕ್ಕಿಕೊಂಡಿರುತ್ತದೆ. ಕಣಜ ಒಳಗೇ ಪೂರ್ತಿ ಬೆಳೆದು, ದವಡೆಯಿಂದ ಗೋಡೆ ಕೊರೆದು ಬರುತ್ತದೆ. ತೂತು ಬೈರಿಗೆ ಹಾಕಿದಂತೆ ದುಂಡು, ಸಿಪ್ಪೆ ಇರುವುದಿಲ್ಲ. ಒಂದೇ ಎಲೆಯ ಗಂಟುಗಳಲ್ಲಿ ಕೆಲವಕ್ಕೆ ಸಿಪ್ಪೆ, ಕೆಲವಕ್ಕೆ ದುಂಡು ತೂತು ಇದ್ದರೆ ನೊಣ ಗಂಟು ಕಟ್ಟಿಸಿದೆ, ಕಣಜ ಕೆಲವನ್ನು ತಿಂದಿದೆ ಎಂದು ಬಾಟಲಿ ಇಲ್ಲದೆಯೇ ಹೇಳಬಹುದು.

ಹೊರಬಂದವರ ಕುಲಗೋತ್ರ

ಬಂದವರನ್ನು ಸ್ಪಿರಿಟ್‌ನಲ್ಲಿ ಹಾಕಿ ಕನ್ನಡಿಯ ಕೆಳಗೆ ಇಡಿ. ರೆಕ್ಕೆ ಎರಡೇ, ಮೀಸೆ ಮಣಿ ಪೋಣಿಸಿದಂತೆ ಉದ್ದ ಇದ್ದರೆ ನೊಣ. ನಾಲ್ಕು ರೆಕ್ಕೆ, ಮೊಣಕೈಯಂತೆ ಮಡಚಿದ ಮೀಸೆ ಇದ್ದರೆ ಕಣಜ.

ಹೊಳಪಿಲ್ಲದ ಕಪ್ಪು ಮೈ, ಬೆನ್ನಿನ ಮೇಲೆ ದರ್ಜಿಯ ಬೆರಳ ಟೋಪಿಯಂತೆ ಒತ್ತೊತ್ತಾಗಿ ಗುಳಿಗಳು: ಯೂರಿಟೊಮಿಡೆ ಕುಟುಂಬ. ಹಸಿರು ನೀಲಿ ಲೋಹದ ಹೊಳಪು, ಹೆಣ್ಣಿಗೆ ಬಾಲದಂತೆ ಉದ್ದನೆಯ ಮೊಟ್ಟೆ ಇಡುವ ಸೂಜಿ: ಟೊರಿಮಿಡೆ. ಹೊಳಪಿದ್ದು, ಸೂಜಿ ಕಾಣದೆ, ಹೊಟ್ಟೆಯ ಮೇಲೆ ಸಾಲು ಸಾಲು ಗುಳಿಗಳಿದ್ದರೆ ಅರ್ಮಿರಿಡೆ. ಮುಟ್ಟಲು ಹೋದರೆ ಚಿಮ್ಮಿ ಹಾರುವ, ನಡುಗಾಲಿನಲ್ಲಿ ದಪ್ಪ ಮುಳ್ಳಿರುವ ಮೋಟು ಕಣಜ ಎನ್ಸಿರ್ಟಿಡೆ, ಸಿಲ್ಲಿಡ್ ಗಂಟುಗಳಿಂದ ಬರುವುದು ಹೆಚ್ಚಾಗಿ ಇದು. ಮೃದು ಮೈ, ಸತ್ತ ಮೇಲೆ ಹೊಟ್ಟೆ ಕುಗ್ಗುವ ಸ್ವಭಾವ, ಪಾದದಲ್ಲಿ ನಾಲ್ಕೇ ಗೆಣ್ಣು ಇದ್ದರೆ ಯುಲೋಫಿಡೆ. ಕ್ಯಾಲ್ಸಿಡ್‌ಗಳಲ್ಲಿ ಹಲವು ಕುಟುಂಬಗಳಿಗೆ ಐದು ಗೆಣ್ಣು, ಆದ್ದರಿಂದ ಈ ಎಣಿಕೆ ಬಹಳ ಉಪಯೋಗಕ್ಕೆ ಬರುತ್ತದೆ. ಹಳೆಯ ಪಟ್ಟಿಗಳಲ್ಲಿ ಟೆರೊಮ್ಯಾಲಿಡೆ ಎಂಬ ಬಹಳ ದೊಡ್ಡ ಕುಟುಂಬ ಸಿಗುತ್ತದೆ. ಎಲ್ಲಿಯೂ ಹೊಂದದ್ದನ್ನೆಲ್ಲ ತುಂಬಿಸಿದ ಮೂಟೆಯಂತಿದ್ದ ಅದನ್ನು 2022ರಲ್ಲಿ ಬಿಚ್ಚಿ ಅನೇಕ ಕುಟುಂಬಗಳಾಗಿ ಹಂಚಿದ್ದಾರೆ. ಹಳೆಯ ಹೆಸರು ಹೊಸ ಪಟ್ಟಿಯಲ್ಲಿ ಸಿಗದಿದ್ದರೆ ಗಾಬರಿ ಬೇಡ.

ಕುಟುಂಬ ಗೊತ್ತಾದರೆ ತೀರ್ಪು ಗೊತ್ತಾಯಿತೆಂದು ನಾನೂ ಬಹಳ ದಿನ ನಂಬಿದ್ದೆ. ಕ್ವಾಡ್ರಾಸ್ಟಿಕಸ್ ಎಂಬ ಒಂದೇ ಕುಲವನ್ನು ತೆಗೆದುಕೊಳ್ಳಿ. ಅದರ ಎರಿಥ್ರಿನೆ ಎಂಬ ಜಾತಿ ಹಾಲವಾಣವನ್ನು ಗಂಟುಗಂಟಾಗಿಸುವ ಪಿಡುಗು. ಅದೇ ಕುಲದ ಮೆಂಡೆಲಿ ನೀಲಗಿರಿಯ ಗಂಟುಕಣಜವನ್ನು ತಿಂದು ಗಿಡವನ್ನು ಕಾಯುವ ಪರಾವಲಂಬಿ. ಒಂದೇ ಮನೆಯ ಇಬ್ಬರು, ಒಬ್ಬ ಸಸ್ಯಾಹಾರಿ, ಒಬ್ಬ ಮಾಂಸಾಹಾರಿ, ಮತ್ತು ಇಲ್ಲಿ ತೊಂದರೆ ಕೊಡುವವನು ಸಸ್ಯಾಹಾರಿ. ಆದ್ದರಿಂದಲೇ ಬ್ಲೇಡಿನಿಂದ ಕೋಣೆ ಬಿಡಿಸಿ ನೋಡಿದ ಸಾಕ್ಷ್ಯಕ್ಕೆ ಕನ್ನಡಿಯ ಸಾಕ್ಷ್ಯಕ್ಕಿಂತ ಹೆಚ್ಚು ತೂಕ.

ಹಾಲವಾಣ

ಕಾರವಾರದ ಕಡೆ ಪಂಗಾರ ಎನ್ನುವ ಹಾಲವಾಣಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದವರಿಗೆ ಈ ದೋಷ ಹೊಸದಲ್ಲ. ಚಿಗುರು ಮುರುಟಿ, ತೊಟ್ಟು ಹೆಬ್ಬೆರಳಿನಂತೆ ಊದಿ, ಎಲೆ ಬಿಡಿಸಿಕೊಳ್ಳುವುದೇ ಇಲ್ಲ. ಕತ್ತರಿಸಿದರೆ ಒಂದೇ ಊತದಲ್ಲಿ ಹಲವು ಕೋಣೆ, ಕೋಣೆಗೊಂದು ಬಿಳಿ ಮರಿ. ಇಲ್ಲಿ ಮಾತ್ರ ಕಣಜವೇ ಅಪರಾಧಿ. ಸಿಂಗಪುರ, ಮಾರಿಷಸ್, ರಿಯೂನಿಯನ್‌ಗಳಲ್ಲಿ ಸಿಕ್ಕ ಮಾದರಿಗಳಿಂದ 2004ರಲ್ಲಿ ಇದಕ್ಕೆ ಹೆಸರಿಟ್ಟರು, ಕೆಲವೇ ವರ್ಷಗಳಲ್ಲಿ ಅದು ಏಷ್ಯಾದ ಉದ್ದಕ್ಕೂ ಹರಡಿ ಹವಾಯಿಯನ್ನೂ ಮುಟ್ಟಿತು. ಹೆಣ್ಣು ಒಂದೂವರೆ ಮಿಲಿಮೀಟರ್, ಗಾಢ ಕಂದು. ಗಂಡು ಇನ್ನೂ ಚಿಕ್ಕದು, ಬಣ್ಣ ಮಾಸಲು. ಮೊಟ್ಟೆಯಿಂದ ಕಣಜವಾಗಲು ಸುಮಾರು 20 ದಿನ ಸಾಕು.

ಸವರಿ ಸುಟ್ಟರೆ ಆಯಿತೆಂದು ಹೇಳುವವರಿದ್ದಾರೆ. ನಾನು ಎರಡು ವರ್ಷ ಮಾಡಿ ನೋಡಿದ್ದೇನೆ. ಸವರಿದ ಕೂಡಲೇ ಮರ ಒಮ್ಮೆಲೇ ಎಳೆ ಚಿಗುರು ಹಾಕುತ್ತದೆ, ಕಣಜಕ್ಕೆ ಬೇಕಾದದ್ದೂ ಅದೇ. ಅಕ್ಕಪಕ್ಕದ ತೋಟದವರೂ ಒಂದೇ ವಾರದಲ್ಲಿ ಸವರಿ, ತುಂಡುಗಳನ್ನು ಅದೇ ದಿನ ಸುಡದಿದ್ದರೆ ಕೂಲಿ ದಂಡ. ಮೇಲಿನಿಂದ ಸಿಂಪಡಿಸಿದ ಔಷಧ ಗಂಟಿನ ಗೋಡೆ ದಾಟಿ ಮರಿಗೆ ತಲುಪುವುದಿಲ್ಲ, ಹೊರಗೆ ಓಡಾಡುವ ಪರಾವಲಂಬಿಗಳಿಗೆ ಮಾತ್ರ ತಾಗುತ್ತದೆ. ಹವಾಯಿಯಲ್ಲಿ 2008ರಲ್ಲಿ ಆಫ್ರಿಕಾದಿಂದ ತಂದ ಯೂರಿಟೊಮ ಎರಿಥ್ರಿನೆ ಎಂಬ ಕಣಜವನ್ನು ಬಿಟ್ಟರು, ಅದರ ಒಂದು ಮರಿ ಕೋಣೆಯಿಂದ ಕೋಣೆಗೆ ಗೋಡೆ ಕೊರೆದು ಹೋಗಿ ಹಲವರನ್ನು ತಿನ್ನುತ್ತದೆ. ನಾನು ಕೊನೆಗೆ ಹೊಸ ಬಳ್ಳಿಗಳಿಗೆ ಹಾಲವಾಣದ ಬದಲು ಗೊಬ್ಬರದ ಗಿಡ (ಗ್ಲಿರಿಸಿಡಿಯ) ಊರಿದೆ.

ನೀಲಗಿರಿಯ ವಿಷಯ ಚಿಕ್ಕದು. ಎಲೆಯ ನಡುನರ ಮತ್ತು ತೊಟ್ಟಿನಲ್ಲಿ ಸಾಲಾಗಿ ಉಬ್ಬು, ಮೊದಲು ಹಸಿರು, ಆಮೇಲೆ ಗುಲಾಬಿ, ಕೊನೆಗೆ ಕಂದು. ಅದು ಲೆಪ್ಟೊಸೈಬೆ ಇನ್ವೇಸಾ, ಆಸ್ಟ್ರೇಲಿಯಾ ಮೂಲದ್ದು, ಹೆಸರು ಪಡೆದದ್ದು ಇದೂ 2004ರಲ್ಲೇ. ಹೆಚ್ಚಿನ ಕಡೆ ಹೆಣ್ಣುಗಳೇ, ಗಂಡಿನ ಹಂಗಿಲ್ಲದೆ ಸಂತಾನ ಮುಂದುವರಿಯುತ್ತದೆ. ನರ್ಸರಿಯಿಂದ ಸಸಿ ತರುವಾಗಲೇ ತೊಟ್ಟು ನೋಡಿ.

ಅಂಕೋಲೆಯ ಗದ್ದೆ

ಅಂಕೋಲೆಯಲ್ಲಿರುವ ಅತ್ತಿಗೆ ಆಗಸ್ಟ್‌ನಲ್ಲಿ ಫೋನ್ ಮಾಡಿದ್ದರು. “ಭಾವ, ಗದ್ದೆಯಲ್ಲಿ ಈರುಳ್ಳಿ ಎಲೆ ಬೆಳೆದಿದೆ, ನಾವು ನೆಟ್ಟದ್ದು ಭತ್ತ.” ಹೋಗಿ ನೋಡಿದೆ. ನಟ್ಟ ನಡುವಿನ ಸುಳಿ ಟೊಳ್ಳು ಕೊಳವೆಯಾಗಿ ಬೆಳ್ಳಿಯ ಬಣ್ಣಕ್ಕೆ ತಿರುಗಿತ್ತು. ಕಣೆ ನೊಣದ ಗಂಟು ಅದು, ಶಾಸ್ತ್ರೀಯ ಹೆಸರು ಆರ್ಸಿಯೋಲಿಯ ಒರೈಜೆ. ಆ ಸುಳಿಗೆ ತೆನೆ ಬರುವುದಿಲ್ಲ.

ಅತ್ತಿಗೆಯ ಕೈಯಲ್ಲಿ ಔಷಧದ ಪಂಪು ಸಿದ್ಧವಿತ್ತು. ಮೊದಲು ಹತ್ತು ಕೊಳವೆ ಕಿತ್ತು ಉಗುರಿನಿಂದ ಸೀಳಿ ನೋಡೋಣ ಎಂದೆ. ನಾಲ್ಕರಲ್ಲಿ ತುದಿಗೆ ತೂತು, ಅದರ ಬಾಯಲ್ಲಿ ಸಿಪ್ಪೆ, ನೊಣ ಹಾರಿಯಾಗಿತ್ತು. ಎರಡರಲ್ಲಿ ಜೀವಂತ ಮರಿ. ಉಳಿದ ನಾಲ್ಕರ ಬುಡದಲ್ಲಿ ಸಿಕ್ಕ ಮರಿಗಳು ಉಬ್ಬಿ ಬಿಗಿದು ಚರ್ಮ ಪಾರದರ್ಶಕವಾಗಿದ್ದವು, ಒಳಗೆ ಎಳ್ಳು ತುಂಬಿದ ಚೀಲದಂತೆ ಸಣ್ಣ ಸಣ್ಣ ಕೋಶಗಳು. ಪ್ಲಾಟಿಗ್ಯಾಸ್ಟರ್ ಒರೈಜೆ ಎಂಬ ಕಪ್ಪು ಕಣಜದ ಕೆಲಸ ಅದು. ನೊಣದ ಮೊಟ್ಟೆಯೊಳಗೇ ಅದು ತನ್ನ ಮೊಟ್ಟೆ ಇಡುತ್ತದೆ, ಒಂದು ಮೊಟ್ಟೆ ಒಡೆದೊಡೆದು ಹಲವು ಭ್ರೂಣಗಳಾಗುತ್ತದೆ, ನೊಣದ ಮರಿ ಬೆಳೆದು ದೊಡ್ಡದಾಗುವವರೆಗೆ ಕಾದು ಆಮೇಲೆ ಎಲ್ಲರೂ ಕೂಡಿ ಅದನ್ನು ಖಾಲಿ ಮಾಡುತ್ತಾರೆ. ಇದು ಕ್ಯಾಲ್ಸಿಡ್ ಬಳಗದ್ದಲ್ಲ, ಬೇರೆಯದೇ ಗುಂಪು, ರೆಕ್ಕೆಯಲ್ಲಿ ನರಗಳೇ ಇಲ್ಲವೆನ್ನುವಷ್ಟು ಕಡಿಮೆ.

ಪಂಪು ಕೊಟ್ಟಿಗೆಗೆ ವಾಪಸ್ ಹೋಯಿತು. ಗದ್ದೆ ತೆಂಡೆ ಒಡೆಯುವ ಹಂತ ದಾಟುತ್ತಿತ್ತು, ಅದಾದ ಮೇಲೆ ಈ ನೊಣದಿಂದ ಹೊಸ ಹಾನಿ ಇರುವುದಿಲ್ಲ. ಕೊಳವೆ ಕಂಡ ಮೇಲೆ ಹೊಡೆಯುವ ಔಷಧ ಕಳ್ಳ ಓಡಿಹೋದ ಮೇಲೆ ಹಾಕುವ ಬೀಗ.

ದೋಷವಲ್ಲದ ದೋಷ

ಅತ್ತಿ ಹಣ್ಣು ಬಿಚ್ಚಿದರೆ ಹುಳ ಎಂಬುದು ಗಾದೆಯಾಗುವಷ್ಟು ಹಳೆಯ ದೂರು. ಅದನ್ನು ಸರಿಪಡಿಸಲು ಯಾರೂ ಹೋಗಬಾರದು. ಅತ್ತಿಯ ಒಳಗಿನ ಹೂವುಗಳಿಗೆ ಪರಾಗ ತರುವುದು ಸೆರಟೊಸೊಲೆನ್ ಫ್ಯೂಸಿಸೆಪ್ಸ್ ಎಂಬ ಕಣಜ. ಕಾಯಿಯ ತುದಿಯ ಇಕ್ಕಟ್ಟಾದ ಬಾಯಿಯಿಂದ ಹೆಣ್ಣು ಒಳಗೆ ನುಸುಳುವಾಗ ರೆಕ್ಕೆ ಮುರಿದು ಹೊರಗೇ ಉಳಿಯುತ್ತದೆ. ಅವಳು ಮೊಟ್ಟೆಯಿಟ್ಟ ಹೂವಿನ ಅಂಡಾಶಯ ಗಂಟಾಗುತ್ತದೆ, ಉಳಿದದ್ದು ಬೀಜವಾಗುತ್ತದೆ. ಇದೂ ಗಂಟುಕಣಜವೇ, ಆದರೆ ಇದಿಲ್ಲದೆ ಅತ್ತಿಗೆ ಬೀಜವಿಲ್ಲ. ಹಣ್ಣಾಗುವ ಮುನ್ನ ಕಾಯಿ ಬಿಡಿಸಿ ನೋಡಿದರೆ ರೆಕ್ಕೆಯಿಲ್ಲದ ಜೇನುಬಣ್ಣದ ಗಂಡುಗಳು ತೆವಳುತ್ತ ಹೆಣ್ಣುಗಳ ಗಂಟಿಗೆ ತೂತು ಕೊರೆಯುತ್ತಿರುತ್ತವೆ.

ಅದೇ ಕಾಯಿಯ ಹೊರಗೆ ಉದ್ದ ಬಾಲದ ಕಣಜಗಳು ಕುಳಿತು ಸೂಜಿ ಚುಚ್ಚುತ್ತಿದ್ದರೆ ಅವು ಬೇರೆಯವು. ಕೆಲವು ತಾವೇ ಗಂಟು ಕಟ್ಟಿಸುತ್ತವೆ. ಅಪೊಕ್ರಿಪ್ಟ ಕುಲದವು ಒಳಗಿನವರ ಮರಿಗಳಿಗೆ ಕಂಟಕ. ಅವುಗಳ ಸೂಜಿಯ ತುದಿಯಲ್ಲಿ ಸತುವಿದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದ್ದಾರೆ, ಬಲಿತ ಕಾಯಿಯ ಗೋಡೆ ಕೊರೆಯಲು ಆ ಗಡಸು ಬೇಕು.

ಗುಡ್ಡದಲ್ಲೆಲ್ಲ ಹಬ್ಬಿರುವ ಕಮ್ಯುನಿಸ್ಟ್ ಗಿಡದ ಕಾಂಡದಲ್ಲಿ ಗೋಲಿಯಂಥ ಗಂಟು ಕಂಡರೂ ಕೈ ಹಚ್ಚಬೇಡಿ. ಆ ಕಳೆಯನ್ನು ಹದ್ದುಬಸ್ತಿನಲ್ಲಿಡಲೆಂದು ಬೇಕೆಂದೇ ದೇಶಕ್ಕೆ ತರಿಸಿದ ಸೆಸಿಡೊಕಾರಿಸ್ ಎಂಬ ನೊಣ ಹಾಗೆ ಗಂಟು ಕಟ್ಟಿಸುತ್ತದೆ.

ಏನೂ ಬರದಿದ್ದರೆ

ತಿಂಗಳಾದರೂ ಬಾಟಲಿ ಖಾಲಿಯಿದ್ದರೆ ಎಸೆಯುವ ಮುನ್ನ ಒಂದು ಗಂಟು ಬಿಡಿಸಿ. ಗೋಡೆಯಲ್ಲಿ ಮೊದಲೇ ತೂತಿದ್ದರೆ ನೀವು ಖಾಲಿ ಮನೆಗೆ ಕಾವಲು ಕುಳಿತಿದ್ದೀರಿ. ಮರಿ ಕಪ್ಪಾಗಿ ನೀರಾಗಿದ್ದರೆ ತೇವ ಹೆಚ್ಚಾಯಿತು, ಗಂಟು ಮರದಂತೆ ಗಡಸಾಗಿದ್ದರೆ ಕಡಿಮೆಯಾಯಿತು. ಮರಿ ಬಿಳಿಯಾಗಿಯೇ ಇದ್ದು ಸೂಜಿ ತಾಗಿಸಿದರೆ ಸ್ವಲ್ಪ ಕದಲಿದರೆ ಬಾಟಲಿ ಮತ್ತೆ ಕಟ್ಟಿಡಿ. ಮುಂದಿನ ಚಿಗುರಿನ ಕಾಲದವರೆಗೆ ಮರಿಯಾಗಿಯೇ ನಿದ್ರೆ ಹೋಗುವ ಜಾತಿಗಳಿವೆ.

ತಿಳಿದವರಿಗೆ ತೋರಿಸಲು ಒಯ್ಯುವಾಗ ಕಣಜದ ಸೀಸೆಯೊಂದೇ ಸಾಲದು. ಗಂಟಿರುವ ಒಣಗಿಸಿದ ಎಲೆ, ಬಿಡಿಸಿದ ಗಂಟಿನ ಮೊಬೈಲ್ ಚಿತ್ರ, ಗಿಡದ ಹೆಸರು, ಊರು, ಕಿತ್ತ ದಿನ, ಹೊರಬಂದ ದಿನ, ಒಟ್ಟು ಎಷ್ಟು ಗಂಟಿನಿಂದ ಯಾವುದು ಎಷ್ಟು ಬಂದವು ಎಂಬ ಲೆಕ್ಕ, ಇಷ್ಟೂ ಬೇಕು. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಸೀಸೆಯ ಒಳಗೇ ಹಾಕಿ. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗುತ್ತದೆ. ನನ್ನ ಮಾವಿನ ಎಲೆಯ ಮೊದಲ ಸೀಸೆ ಈಗಲೂ ಕಪಾಟಿನಲ್ಲಿದೆ, ನೀಲಿ ನೀರಿನಲ್ಲಿ ಹನ್ನೊಂದು ಕಣಜಗಳು ಮತ್ತು ಒಂದು ಬಿಳಿ ಚೀಟಿ.